ಪ್ರೋಟೀನಿನ ನಕ್ಷೆ ಬರೆದ ಜಿ. ಎನ್. ರಾಮಚಂದ್ರನ್

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ಹಳ್ಳಿಗಳಲ್ಲಿ ರೇಷ್ಮೆಯ ಹುಳುವನ್ನು ಕಾಣದ ಮಕ್ಕಳು ವಿರಳ. ಹಿಪ್ಪುನೇರಳೆಯ ಸೊಪ್ಪನ್ನು ತಿಂದು ಬೆಳೆದು ಹಣ್ಣಾದ ಹುಳುವು ಚಂದ್ರಿಕೆಯನ್ನು ಸೇರಿ, ತಲೆಯನ್ನು ಅತ್ತಿಂದಿತ್ತ ಆಡಿಸುತ್ತ, ತನ್ನ ಬಾಯಿಂದ ಹೊರಬರುವ ಒಂದೇ ಎಳೆಯಿಂದ ಎರಡು ಮೂರು ದಿನಗಳಲ್ಲಿ ತನ್ನ ಸುತ್ತಲೂ ಗೂಡನ್ನು ಕಟ್ಟಿಕೊಳ್ಳುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾಗಿ, ಬಿಸಿನೀರಿನಲ್ಲಿ ಬೆಂದು, ನೂಲು ಬಿಚ್ಚುವವರ ಕೈಸೇರುವ ಆ ಪುಟ್ಟ ಗೂಡಿನಲ್ಲಿ ನೂರಾರು ಮೀಟರು ಉದ್ದದ ಎಳೆ ಅಡಗಿರುತ್ತದೆ. ಉತ್ತಮ ತಳಿಯ ಗೂಡಾದರೆ ಅದು ಸಾವಿರ ಮೀಟರನ್ನೂ ಮೀರುತ್ತದೆ. ಆ ಎಳೆಯು ಒಂದು ಬಗೆಯ ಪ್ರೋಟೀನು. ಹುಳುವು ಪ್ರೋಟೀನಿನ ಮನೆಯೊಳಗೆ ಕುಳಿತು ತನ್ನ ಮುಂದಿನ ಬಾಳಿಗೆ ಅಣಿಯಾಗುತ್ತದೆ.

ಪ್ರೋಟೀನಿನ ಮನೆಯಲ್ಲಿ ವಾಸಿಸುವುದು ರೇಷ್ಮೆಯ ಹುಳು ಮಾತ್ರವಲ್ಲ. ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳನ್ನೂ ಕಾಡುವ ವೈರಸ್ಸುಗಳು ಇವೆ. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ಇವುಗಳ ಸುಳಿವನ್ನು ಮೊದಲು ಕಂಡರು. 1917ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡಿ ಹೆರೆಲ್ ಇವುಗಳಿಗೆ ಬ್ಯಾಕ್ಟೀರಿಯಾಗಳನ್ನು ತಿನ್ನುವಂಥವು ಎಂಬ ಅರ್ಥ ಬರುವಂತೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟರು. ಇವನ್ನು ಚಿಕ್ಕದಾಗಿ ಫೇಜ್ ಎಂದು ಕರೆಯುವುದು ವಾಡಿಕೆ. ಪ್ರತಿಯೊಂದು ಫೇಜಿನ ಒಳಗೂ ಅದರ ವಂಶದ ಗುಟ್ಟನ್ನು ಹೊತ್ತ ನ್ಯೂಕ್ಲಿಯಿಕ್ ಆಮ್ಲದ ಎಳೆಯೊಂದು ಇರುತ್ತದೆ. ಅದರ ಸುತ್ತಲೂ ಇರುವುದೇ ಪ್ರೋಟೀನಿನ ಕವಚ. ಎಂಎಸ್-2 ಎಂಬ ಫೇಜಿನ ಕವಚವು ಎಷ್ಟು ಚಿಕ್ಕದೆಂದರೆ, ಅಂಥ ಸುಮಾರು ಮೂವತ್ತೈದು ಸಾವಿರ ಕವಚಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಸಾಲಾಗಿ ಇರಿಸಿದರೆ ಆ ಸಾಲು ಒಂದು ಮಿಲಿಮೀಟರಿನಷ್ಟು ಉದ್ದವಾದೀತು.

ರೇಷ್ಮೆಯ ಗೂಡನ್ನು ಹುಳುವು ಶ್ರಮಪಟ್ಟು ಕಟ್ಟುತ್ತದೆ. ಫೇಜಿನ ಕವಚವನ್ನು ಕಟ್ಟುವವರು ಯಾರೂ ಇಲ್ಲ. ಅದರ ತುಂಡುಗಳು ತಾವಾಗಿಯೇ ಒಂದನ್ನೊಂದು ಹುಡುಕಿಕೊಂಡು, ಸರಿಯಾದ ಸ್ಥಾನದಲ್ಲಿ ಸೇರಿ, ಬಿರುಕಿಲ್ಲದ ಕವಚವಾಗಿ ನಿಲ್ಲುತ್ತವೆ. ಪ್ರತಿಯೊಂದು ತುಂಡೂ ಸರಿಯಾಗಿ ಮಡಿಚಿಕೊಂಡ ಒಂದು ಪ್ರೋಟೀನಿನ ಸರಪಳಿ. ಸರಪಳಿ ಹೇಗೆ ಬೇಕಾದರೂ ಮಡಿಚಿಕೊಳ್ಳಬಲ್ಲುದೇ? ಅದರ ತಿರುವುಗಳಿಗೆ ಕಟ್ಟುಪಾಡು ಏನಾದರೂ ಉಂಟೇ? ಈ ಪ್ರಶ್ನೆಗೆ ಜಗತ್ತೇ ಒಪ್ಪಿದ ಉತ್ತರವನ್ನು ನೀಡಿದವರು ನಮ್ಮ ದೇಶದ ವಿಜ್ಞಾನಿ ಜಿ. ಎನ್. ರಾಮಚಂದ್ರನ್. ಅವರ ವಿದ್ಯಾಭ್ಯಾಸದ ಮುಖ್ಯ ಕಾಲವೂ ಬಾಳಿನ ಉತ್ತರಾರ್ಧದ ಬಹುಭಾಗವೂ ಬೆಂಗಳೂರಿನಲ್ಲಿ ಕಳೆದವು.

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ ಅವರು 1922ರ ಅಕ್ಟೋಬರ್ 8ರಂದು ಈಗಿನ ಕೇರಳ ರಾಜ್ಯದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅವರು ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ತಾಯಿ ಲಕ್ಷ್ಮಿ ಅಮ್ಮಾಳ್. ಗಣಿತದ ಬಗೆಗಿನ ಒಲವು ರಾಮಚಂದ್ರನ್ ಅವರಿಗೆ ತಂದೆಯಿಂದಲೇ ಬಂದಿತು. ಮುಂದೆ ಅವರು ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನಗಳ ಗಡಿಗಳನ್ನು ದಾಟಿ ಎಲ್ಲಿ ದುಡಿದರೂ, ಅವರ ಕೈಯಲ್ಲಿದ್ದ ಊರುಗೋಲು ಗಣಿತವೇ ಆಗಿತ್ತು.

ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಪಡೆದ ರಾಮಚಂದ್ರನ್ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಸಂಸ್ಥೆ ಅದೇ. ಅವರು ಮೊದಲು ಸೇರಿದ್ದು ವಿದ್ಯುತ್ ಇಂಜಿನಿಯರಿಂಗ್ ವಿಭಾಗಕ್ಕೆ. ಆಗ ಭೌತವಿಜ್ಞಾನ ವಿಭಾಗದಲ್ಲಿ ನೊಬೆಲ್ ಪುರಸ್ಕೃತರಾದ ಸರ್ ಸಿ. ವಿ. ರಾಮನ್ ಅವರು ಇದ್ದರು. ತರುಣನ ಪ್ರತಿಭೆಯನ್ನು ಗುರುತಿಸಿದ ರಾಮನ್ ಅವರು ಆತನನ್ನು ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. ಹೀಗೆ ದೊರೆತ ಗುರುಗಳಿಂದ ರಾಮಚಂದ್ರನ್ ಅವರು ಬೆಳಕನ್ನೂ ಸ್ಫಟಿಕಗಳನ್ನೂ ಕುರಿತ ಪಾಠವನ್ನು ಕಲಿತರು. ಅದರೊಡನೆ, ಇದ್ದಷ್ಟು ಉಪಕರಣದಲ್ಲಿಯೇ ದೊಡ್ಡ ಪ್ರಶ್ನೆಯನ್ನು ಕೇಳುವ ಧೈರ್ಯವನ್ನೂ ಕಲಿತರು.

1947ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿಯನ್ನು ಪಡೆದು ಅವರು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ತೆರಳಿದರು. ಅಲ್ಲಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಎರಡು ವರ್ಷ ದುಡಿದು, ಸ್ಫಟಿಕಗಳು ಕ್ಷ-ಕಿರಣಗಳನ್ನು ಚೆದರಿಸುವ ಬಗೆಯನ್ನು ಕುರಿತು ಸಂಶೋಧನೆ ನಡೆಸಿ ಪಿಎಚ್.ಡಿ. ಪದವಿಯನ್ನು ಗಳಿಸಿದರು. ಅಮೆರಿಕದ ಹೆಸರಾಂತ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಅವರ ಉಪನ್ಯಾಸಗಳನ್ನು ಕೇಳುವ ಅವಕಾಶವೂ ಅವರಿಗೆ ಅಲ್ಲಿಯೇ ದೊರೆಯಿತು. ಪ್ರೋಟೀನಿನಂಥ ದೊಡ್ಡ ಅಣುಗಳ ಆಕಾರವನ್ನು ಅರಿಯಬೇಕೆಂಬ ಬಯಕೆಯ ಬೀಜವು ಅವರ ಮನಸ್ಸಿನಲ್ಲಿ ಬಿದ್ದುದು ಆಗಲೇ.

1949ರಲ್ಲಿ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದ ಅವರನ್ನು ಮೂರು ವರ್ಷಗಳಲ್ಲಿಯೇ ದೊಡ್ಡ ಹೊಣೆಯೊಂದು ಅರಸಿಕೊಂಡು ಬಂದಿತು. ಮದರಾಸು ವಿಶ್ವವಿದ್ಯಾನಿಲಯವು ಹೊಸದಾಗಿ ಭೌತವಿಜ್ಞಾನ ವಿಭಾಗವನ್ನು ತೆರೆಯಲು ಹೊರಟಿತ್ತು. ಅದರ ಕುಲಪತಿಗಳಾಗಿದ್ದ ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರಿಗೆ ರಾಮನ್ ಅವರು ತಮ್ಮ ಶಿಷ್ಯನ ಹೆಸರನ್ನು ಸೂಚಿಸಿದರು. 1952ರಲ್ಲಿ, ಇನ್ನೂ ಮೂವತ್ತು ತುಂಬುವ ಹೊತ್ತಿನಲ್ಲಿ, ರಾಮಚಂದ್ರನ್ ಅವರು ಆ ವಿಭಾಗದ ಮುಖ್ಯಸ್ಥರಾದರು. ಅದೇ ಕಾಲದಲ್ಲಿ ಮದರಾಸಿಗೆ ಭೇಟಿಯಿತ್ತ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರು ಮಾತಿನ ನಡುವೆ ಕೊಲ್ಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ಯಾರೂ ಸರಿಯಾಗಿ ಬಿಡಿಸಿಲ್ಲವೆಂಬ ಸಂಗತಿಯನ್ನು ತಿಳಿಸಿದರು. ಹೊಸ ವಿಭಾಗಕ್ಕೆ ಹೊಸ ಪ್ರಶ್ನೆ ದೊರೆಯಿತು.

ಕೊಲ್ಲಾಜೆನ್ ನಮಗೆ ಅಪರಿಚಿತವಾದ ವಸ್ತುವೇನಲ್ಲ. ನಮ್ಮ ಚರ್ಮ, ಮೂಳೆ, ಸ್ನಾಯುಗಳನ್ನು ಮೂಳೆಗೆ ಬಿಗಿಯುವ ರಜ್ಜುಗಳು, ಇವೆಲ್ಲಕ್ಕೂ ಬಲವನ್ನು ಕೊಡುವ ಪ್ರೋಟೀನು ಅದೇ. ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾಲಯದಿಂದ ಕಾಂಗರೂವಿನ ಬಾಲದ ರಜ್ಜುವನ್ನು ತರಿಸಿಕೊಂಡು, ರಾಮಚಂದ್ರನ್ ಅವರೂ ಅವರ ಸಹೋದ್ಯೋಗಿ ಗೋಪೀನಾಥ ಕರ್ತಾ ಅವರೂ ಕ್ಷ-ಕಿರಣಗಳಿಂದ ಅದರ ಚಿತ್ರಗಳನ್ನು ತೆಗೆದರು. ಆ ಚಿತ್ರಗಳಲ್ಲಿ ಅಣುವಿನ ರೂಪವು ನೇರವಾಗಿ ಕಾಣುವುದಿಲ್ಲ. ಕೆಲವು ಕಪ್ಪು ಚುಕ್ಕೆಗಳು, ಕೆಲವು ಮಸುಕಾದ ಕಮಾನುಗಳು ಮಾತ್ರ ಕಾಣುತ್ತವೆ. ಅವುಗಳ ನಡುವಣ ಅಂತರವನ್ನು ಅಳೆದು, ಎಂಥ ಆಕಾರದ ಅಣುವು ಇಂಥ ಗುರುತುಗಳನ್ನು ಮೂಡಿಸಬಲ್ಲುದೆಂದು ಲೆಕ್ಕ ಹಾಕಿ ಊಹಿಸಬೇಕು.

ಅವರ ಊಹೆ ಅಪೂರ್ವವಾಗಿತ್ತು. ಕೊಲ್ಲಾಜೆನ್ ಒಂದು ಸರಪಳಿಯಲ್ಲ, ಮೂರು ಸರಪಳಿಗಳ ಕೂಟ ಎಂದು ಅವರು 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಆ ಚಿತ್ರವನ್ನು ತಿದ್ದಿ, ಸುರುಳಿಯಾಗಿರುವ ಮೂರು ಸರಪಳಿಗಳು ಮತ್ತೆ ಒಂದನ್ನೊಂದು ಸುತ್ತಿಕೊಂಡಿವೆಯೆಂದು ತೋರಿಸಿದರು. ಮೂರು ಎಳೆಗಳನ್ನು ಹೊಸೆದು ಹಗ್ಗ ಮಾಡಿದಾಗ ಒಂಟಿ ಎಳೆಗೆ ಇಲ್ಲದ ಬಲವು ಹಗ್ಗಕ್ಕೆ ಬರುವಂತೆ, ನಮ್ಮ ಮೈಯ ರಜ್ಜುಗಳಿಗೂ ಈ ಹೊಸೆತದಿಂದಲೇ ಬಲ ಬಂದಿದೆ.

ಆದರೆ ಮೆಚ್ಚುಗೆಯ ಬೆನ್ನಿಗೇ ಆಕ್ಷೇಪವೂ ಬಂದಿತು. ಡಿಎನ್‌ಎ ರಚನೆಯನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಅವರೂ ಅಲೆಗ್ಸಾಂಡರ್ ರಿಚ್ ಅವರೂ 1955ರಲ್ಲಿಯೇ ಮದರಾಸಿನ ಮಾದರಿಯನ್ನು ಟೀಕಿಸಿದರು. ಮೂರು ಎಳೆಗಳ ಹೊಸೆತವನ್ನು ಅವರು ಒಪ್ಪಿದರು. ಆದರೆ ರಾಮಚಂದ್ರನ್ ಅವರ ಚಿತ್ರದಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರವಾಗಿವೆ, ಅಷ್ಟು ಹತ್ತಿರಕ್ಕೆ ಅವು ಬರಲಾರವು ಎಂಬುದು ಅವರ ವಾದ. ಎಳೆಗಳನ್ನು ಬಿಗಿಯುವ ಜಲಜನಕ ಬಂಧಗಳು ಪ್ರತಿ ಮೂರು ಘಟಕಗಳಿಗೆ ಎರಡಲ್ಲ, ಒಂದೇ ಎಂದೂ ಅವರು ಹೇಳಿದರು.

ಪ್ರಪಂಚದ ಅತಿ ಪ್ರಸಿದ್ಧ ಪ್ರಯೋಗಾಲಯವೊಂದರಿಂದ ಬಂದ ಟೀಕೆಯದು. ಹೊಸದಾಗಿ ಹುಟ್ಟಿದ ಭಾರತೀಯ ವಿಭಾಗವೊಂದರ ಗೌರವವು ಅದರಿಂದ ಕುಂದುವ ಸಂಭವವಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯನು ಎರಡು ಹಾದಿಗಳಲ್ಲಿ ಒಂದನ್ನು ಹಿಡಿಯುವುದು ಸಹಜ. ಒಂದು, ಸೋತೆನೆಂದು ಕೈಚೆಲ್ಲುವುದು. ಇನ್ನೊಂದು, ಹಟಕ್ಕೆ ಬಿದ್ದು ಜಗಳಕ್ಕೆ ನಿಲ್ಲುವುದು. ರಾಮಚಂದ್ರನ್ ಅವರಿಗೆ ನೋವಾಗದೆ ಇರಲಿಲ್ಲ. ಕೊಲ್ಲಾಜೆನ್ ಕುರಿತ ವಾದವನ್ನು ಅವರು ಬಹುಕಾಲ ಮುಂದುವರಿಸಿದರು. ಆದರೆ ಅದಕ್ಕಿಂತ ಮಿಗಿಲಾಗಿ, ಟೀಕೆಯ ಒಳಗೆ ಅಡಗಿದ್ದ ಪ್ರಶ್ನೆಯನ್ನು ಅವರು ಗುರುತಿಸಿದರು. ಪರಮಾಣುಗಳು ತೀರ ಹತ್ತಿರ ಬಂದಿವೆ ಎನ್ನುವುದಾದರೆ, ಎಷ್ಟು ಹತ್ತಿರ ಬರಬಹುದು? ಅದನ್ನು ನಿರ್ಧರಿಸುವ ಅಳತೆಗೋಲು ಯಾವುದು? ಆಗ ಯಾರ ಬಳಿಯೂ ಅದಕ್ಕೆ ಖಚಿತವಾದ ಉತ್ತರವಿರಲಿಲ್ಲ.

ಅವರು ತಮ್ಮ ಸಹೋದ್ಯೋಗಿ ವಿ. ಶಶಿಶೇಖರನ್ ಅವರನ್ನೂ ವಿದ್ಯಾರ್ಥಿ ಸಿ. ರಾಮಕೃಷ್ಣನ್ ಅವರನ್ನೂ ಕೂಡಿಕೊಂಡು, ಅದುವರೆಗೆ ರಚನೆ ತಿಳಿದಿದ್ದ ಚಿಕ್ಕ ಚಿಕ್ಕ ಅಣುಗಳ ಸ್ಫಟಿಕಗಳ ವಿವರಗಳನ್ನೆಲ್ಲ ಕಲೆಹಾಕಿದರು. ಇಂಗಾಲ, ಸಾರಜನಕ, ಆಮ್ಲಜನಕ, ಜಲಜನಕದ ಪರಮಾಣುಗಳು ಒಂದಕ್ಕೊಂದು ಎಷ್ಟು ಸಮೀಪಕ್ಕೆ ಬಂದಿವೆಯೆಂಬುದನ್ನು ಪಟ್ಟಿ ಮಾಡಿದರು. ಬಂಧವಿಲ್ಲದ ಎರಡು ಪರಮಾಣುಗಳ ನಡುವೆ ಇರಲೇಬೇಕಾದ ಕನಿಷ್ಠ ಅಂತರವು ಹೀಗೆ ದೊರೆಯಿತು. ಆಮೇಲೆ ಆ ಅಳತೆಗೋಲನ್ನು ಕೊಲ್ಲಾಜೆನ್ ಒಂದಕ್ಕೇ ಮೀಸಲಿಡದೆ ಎಲ್ಲ ಪ್ರೋಟೀನುಗಳಿಗೂ ಅನ್ವಯಿಸಲು ಹೊರಟರು.

ಈ ಕೆಲಸವನ್ನು ತಿಳಿಯಲು ಪ್ರೋಟೀನಿನ ಸರಪಳಿಯನ್ನು ಸ್ವಲ್ಪ ಗಮನಿಸಬೇಕು. ಅಮೈನೋ ಆಮ್ಲಗಳೆಂಬ ಘಟಕಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪ್ರೋಟೀನು ಆಗುತ್ತದೆ. ಒಂದು ಘಟಕಕ್ಕೂ ಇನ್ನೊಂದಕ್ಕೂ ನಡುವಣ ಕೊಂಡಿಯು ಚಪ್ಪಟೆಯಾದ, ಬಾಗದ ಹಲಗೆಯಂತೆ ಇರುತ್ತದೆ. ಎರಡು ಹಲಗೆಗಳು ಕೂಡುವಲ್ಲಿ ಒಂದು ಇಂಗಾಲದ ಪರಮಾಣು ಕೀಲಿನಂತೆ ನಿಂತಿರುತ್ತದೆ. ಆ ಕೀಲಿನ ಎರಡು ಬದಿಗಳಲ್ಲಿಯೂ ಹಲಗೆಗಳು ತಿರುಗಬಲ್ಲವು. ಈ ಎರಡು ತಿರುವುಗಳ ಕೋನಗಳಿಗೆ ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರಿವೆ. ಪ್ರತಿಯೊಂದು ಕೀಲಿನಲ್ಲಿಯೂ ಈ ಎರಡು ಕೋನಗಳು ಎಷ್ಟೆಂದು ತಿಳಿದರೆ ಸರಪಳಿಯು ಹೋಗುವ ಹಾದಿಯೇ ತಿಳಿದಂತೆ.

ಭೂಪಟದಲ್ಲಿ ಚಿಕ್ಕಬಳ್ಳಾಪುರವನ್ನೋ ಗೌರಿಬಿದನೂರನ್ನೋ ಗುರುತಿಸಲು ಅಕ್ಷಾಂಶ, ರೇಖಾಂಶ ಎಂಬ ಎರಡು ಸಂಖ್ಯೆಗಳು ಸಾಕು. ಅದೇ ರೀತಿ ರಾಮಚಂದ್ರನ್ ಅವರು ಒಂದು ಚೌಕದ ಅಡ್ಡಕ್ಕೆ ಫೈ ಕೋನವನ್ನೂ ಉದ್ದಕ್ಕೆ ಸೈ ಕೋನವನ್ನೂ ಗುರುತು ಮಾಡಿದರು. ಚೌಕದ ಒಂದೊಂದು ಬಿಂದುವೂ ಸರಪಳಿಯ ಒಂದೊಂದು ತಿರುವನ್ನು ಸೂಚಿಸುತ್ತದೆ. ಬಳಿಕ ಪ್ರತಿಯೊಂದು ಬಿಂದುವಿನಲ್ಲಿಯೂ ನಿಂತು, ಇಂಥ ತಿರುವಿನಲ್ಲಿ ಯಾವ ಪರಮಾಣುಗಳಾದರೂ ಒಂದನ್ನೊಂದು ಢಿಕ್ಕಿ ಹೊಡೆಯುವುವೇ ಎಂದು ಲೆಕ್ಕ ಹಾಕಿ ನೋಡಿದರು. ಇಂದಿನಂಥ ಗಣಕಯಂತ್ರಗಳು ಆಗ ಅವರ ಬಳಿ ಇರಲಿಲ್ಲ. ಮೇಜಿನ ಮೇಲಿನ ಸಣ್ಣ ಲೆಕ್ಕದ ಯಂತ್ರಗಳಲ್ಲಿ, ಒಂದೊಂದು ಕೋನಕ್ಕೂ ಬಿಡಿಬಿಡಿಯಾಗಿ ಲೆಕ್ಕ ಹಾಕುವ ದೀರ್ಘವಾದ ದುಡಿಮೆಯದು.

ಫಲವು ದುಡಿಮೆಗೆ ತಕ್ಕುದಾಗಿತ್ತು. ಚೌಕದ ಬಹುಭಾಗವು ನಿಷಿದ್ಧ ಪ್ರದೇಶವೆಂದು ಕಂಡುಬಂದಿತು. ಅಲ್ಲಿ ಪರಮಾಣುಗಳು ಢಿಕ್ಕಿ ಹೊಡೆಯುತ್ತವೆ. ಸರಪಳಿಯು ನೆಮ್ಮದಿಯಿಂದ ಇರಬಲ್ಲ ಸ್ಥಳವು ಕಾಲುಭಾಗಕ್ಕೂ ಕಡಿಮೆ. ಸಮುದ್ರದ ನಡುವಣ ದ್ವೀಪಗಳಂತೆ ಅಲ್ಲೊಂದು ಇಲ್ಲೊಂದು ತುಣುಕು ಮಾತ್ರ ಪ್ರೋಟೀನಿಗೆ ಮೀಸಲಾಗಿವೆ. ಈಗ ನಾವು ಬರೆಯುವ ರೀತಿಯಲ್ಲಿ ಹೇಳುವುದಾದರೆ, ಹೆಚ್ಚುಕಡಿಮೆ ನೇರವಾಗಿ ಚಾಚಿಕೊಳ್ಳುವ ರೇಷ್ಮೆಯ ಸರಪಳಿಯ ಸ್ಥಾನ ನಕ್ಷೆಯ ಎಡಭಾಗದ ಮೇಲ್ಗಡೆ. ಕೊಲ್ಲಾಜೆನ್ನಿನ ಸ್ಥಾನವೂ ಅದರ ನೆರೆಯಲ್ಲಿಯೇ. ಪೌಲಿಂಗ್ ಅವರು ಕಂಡುಹಿಡಿದ ಆಲ್ಫಾ ಸುರುಳಿಯ ಸ್ಥಾನ ಎಡಭಾಗದಲ್ಲಿಯೇ ನಡುವಿಗಿಂತ ಸ್ವಲ್ಪ ಕೆಳಗೆ. 1963ರಲ್ಲಿ ಪ್ರಕಟವಾದ ಈ ಚಿತ್ರವು ರಾಮಚಂದ್ರನ್ ನಕ್ಷೆ ಎಂದು ಜಗತ್ತಿನಾದ್ಯಂತ ಹೆಸರಾಯಿತು. ಆಮೇಲೆ ಒಂದೊಂದಾಗಿ ಪ್ರೋಟೀನುಗಳ ರಚನೆಯು ತಿಳಿಯುತ್ತ ಬಂದಂತೆ, ಅವುಗಳ ತಿರುವುಗಳೆಲ್ಲ ಹೆಚ್ಚುಕಡಿಮೆ ಈ ದ್ವೀಪಗಳ ಒಳಗೇ ಬಿದ್ದವು.

ಕೊಲ್ಲಾಜೆನ್ನಿನ ವಿವಾದದಲ್ಲಿ ಗೆದ್ದವರು ಯಾರು ಎಂದು ಕೇಳಬಹುದು. ಮೂರು ಎಳೆಗಳ ಹೊಸೆತದ ವಿಷಯದಲ್ಲಿ ರಾಮಚಂದ್ರನ್ ಅವರ ಮಾತು ನಿಂತಿತು. ಜಲಜನಕ ಬಂಧಗಳ ಎಣಿಕೆಯಲ್ಲಿ ಕ್ರಿಕ್ ಮತ್ತು ರಿಚ್ ಅವರ ಮಾತು ನಿಂತಿತು. ಆದರೆ ಆ ವಿವಾದದಿಂದ ಹುಟ್ಟಿದ ನಕ್ಷೆಯು ಇಬ್ಬರ ಮಾದರಿಗಳಿಗಿಂತಲೂ ದೊಡ್ಡದಾಗಿ ಬೆಳೆಯಿತು.

ಈಗ ಬ್ಯಾಕ್ಟೀರಿಯಾಗಳ ವೈರಸ್ಸಿನ ಕವಚಕ್ಕೆ ಹಿಂದಿರುಗೋಣ. ಎಂಎಸ್-2 ಫೇಜಿನ ಕವಚದಲ್ಲಿ ಒಂದೇ ಬಗೆಯ ಪ್ರೋಟೀನಿನ ಸುಮಾರು 180 ತುಂಡುಗಳಿವೆ. ಒಂದೊಂದು ತುಂಡಿನಲ್ಲಿಯೂ 129 ಅಮೈನೋ ಆಮ್ಲಗಳಿವೆ. ಒಂದು ಅಮೈನೋ ಆಮ್ಲವನ್ನು ಸೂಚಿಸಲು ನ್ಯೂಕ್ಲಿಯಿಕ್ ಆಮ್ಲದ ಮೂರು ಅಕ್ಷರಗಳು ಬೇಕು. ಒಂದು ತುಂಡಿಗೆ 387 ಅಕ್ಷರಗಳಾದುವು. ನೂರೆಂಬತ್ತು ತುಂಡುಗಳೂ ಬೇರೆ ಬೇರೆಯಾಗಿದ್ದರೆ 69,660 ಅಕ್ಷರಗಳು ಬೇಕಾಗುತ್ತಿದ್ದುವು. ಆದರೆ ಆ ಫೇಜಿನ ಬಳಿ ಇರುವುದು ಒಟ್ಟು 3,569 ಅಕ್ಷರಗಳು ಮಾತ್ರ. ಆದ್ದರಿಂದ ಒಂದೇ ಅಚ್ಚಿನ ತುಂಡುಗಳನ್ನು ಮತ್ತೆ ಮತ್ತೆ ಬಳಸದೆ ಅದಕ್ಕೆ ಗತ್ಯಂತರವಿಲ್ಲ. ಒಂದೇ ಅಚ್ಚಿನ ಇಟ್ಟಿಗೆಗಳಿಂದ ಮನೆಯನ್ನು ಕಟ್ಟುವಂತೆಯೇ ಇದು. ವೈರಸ್ಸುಗಳು ಹೀಗೆಯೇ ಇರಬೇಕೆಂದು 1956ರಲ್ಲಿ ಕ್ರಿಕ್ ಮತ್ತು ವಾಟ್ಸನ್ ತರ್ಕಿಸಿದ್ದರು.

ಒಂದೇ ಬಗೆಯ ತುಂಡುಗಳಿಂದ ಎಲ್ಲ ಕಡೆಗಳಲ್ಲಿಯೂ ಮುಚ್ಚಿದ ಕವಚವನ್ನು ಕಟ್ಟುವುದು ಹೇಗೆ? ಇಪ್ಪತ್ತು ತ್ರಿಕೋನಗಳನ್ನು ಅಂಚಿಗೆ ಅಂಚು ಕೂಡಿಸಿದರೆ ಹನ್ನೆರಡು ಮೂಲೆಗಳುಳ್ಳ, ಚೆಂಡಿಗೆ ಸಮೀಪವಾದ ಘನಾಕೃತಿಯೊಂದು ಆಗುತ್ತದೆ. ಒಂದು ತ್ರಿಕೋನಕ್ಕೆ ಮೂರರಂತೆ ಅರವತ್ತು ತುಂಡುಗಳನ್ನು ಅದರ ಮೇಲೆ ಸರಿಸಮನಾಗಿ ಹೊಂದಿಸಬಹುದು. ಫೈ ಎಕ್ಸ್ 174 ಎಂಬ ಫೇಜಿನ ಕವಚದಲ್ಲಿ ಮುಖ್ಯ ಪ್ರೋಟೀನಿನ ತುಂಡುಗಳು ಸರಿಯಾಗಿ ಅರವತ್ತು. ಅದಕ್ಕಿಂತ ದೊಡ್ಡ ಕವಚಗಳಲ್ಲಿ ಅರವತ್ತರ ಅಪವರ್ತ್ಯಗಳು ಹೇಗೆ ಹೊಂದುತ್ತವೆ ಎಂಬುದನ್ನು 1962ರಲ್ಲಿ ಡೊನಾಲ್ಡ್ ಕ್ಯಾಸ್ಪರ್ ಮತ್ತು ಏರನ್ ಕ್ಲುಗ್ ವಿವರಿಸಿದರು. ತುಂಡುಗಳು ತಮ್ಮ ನೆರೆಯವುಗಳೊಡನೆ ತುಸು ಬಾಗಿ, ತುಸು ಹೊಂದಿಕೊಂಡು ಸೇರುತ್ತವೆಂಬುದೇ ಅವರ ತತ್ತ್ವದ ತಿರುಳು. ಆದರೆ ಈ ಬಾಗುವಿಕೆಗೂ ಎಲ್ಲೆ ಉಂಟು. ಆ ಎಲ್ಲೆಯನ್ನು ಗುರುತಿಸಿರುವುದು ರಾಮಚಂದ್ರನ್ ನಕ್ಷೆ.

ಬಾಲವುಳ್ಳ ದೊಡ್ಡ ಫೇಜುಗಳ ನಿರ್ಮಾಣ ಇನ್ನೂ ಸೋಜಿಗದ್ದು. ಟಿ-4 ಎಂಬ ಫೇಜಿಗೆ ತಲೆ, ಬಾಲ, ಕಾಲಿನಂಥ ಎಳೆಗಳು ಇವೆ. ಇವು ಬ್ಯಾಕ್ಟೀರಿಯಾದ ಒಳಗೆ ಬೇರೆ ಬೇರೆಯಾಗಿ ಸಿದ್ಧವಾಗಿ ಕೊನೆಯಲ್ಲಿ ಕೂಡಿಕೊಳ್ಳುತ್ತವೆ. 1966ರಲ್ಲಿ ಅಮೆರಿಕದ ಎಡ್ಗರ್ ಮತ್ತು ವುಡ್ ಎಂಬ ವಿಜ್ಞಾನಿಗಳು ಈ ಭಾಗಗಳನ್ನು ಪರೀಕ್ಷಾನಳಿಕೆಯಲ್ಲಿ ಬೆರಸಿದಾಗ ಅವು ಅಲ್ಲಿಯೂ ಕೂಡಿಕೊಂಡು ಜೀವಂತ ಫೇಜುಗಳಾದುವು. ತಲೆಯನ್ನು ಕಟ್ಟುವಾಗ ಮೇಸ್ತ್ರಿಗಳು ಗೋಡೆಗೆ ಸಾರುವೆ ಕಟ್ಟುವಂತೆ, ಆಸರೆಯ ಪ್ರೋಟೀನುಗಳು ಮೊದಲು ಒಳಗೆ ನಿಂತು ಕವಚಕ್ಕೆ ಆಕಾರ ಕೊಡುತ್ತವೆ. ಕೆಲಸ ಮುಗಿದ ಮೇಲೆ ಅವು ತೆರವಾಗುತ್ತವೆ. ಬಳಿಕ ನ್ಯೂಕ್ಲಿಯಿಕ್ ಆಮ್ಲದ ಎಳೆಯು ಒಳಸೇರುತ್ತದೆ, ಕವಚವು ಹಿಗ್ಗಿ ಗಟ್ಟಿಯಾಗುತ್ತದೆ. ಎಚ್‌ಕೆ 97 ಎಂಬ ಫೇಜಿನಲ್ಲಂತೂ ತುಂಡುಗಳು ಹಿಂದಿನ ಕಾಲದ ಯೋಧರ ಸರಪಳಿಯ ಅಂಗಿಯಂತೆ ಒಂದರೊಳಗೊಂದು ಹೆಣೆದುಕೊಂಡಿರುವುದನ್ನು 2000ದಲ್ಲಿ ಕಂಡುಹಿಡಿಯಲಾಯಿತು.

ಇಂಥ ರಚನೆಗಳನ್ನು ಕಾಣುವ ಬಗೆಗೂ ರಾಮಚಂದ್ರನ್ ಅವರ ಕಾಣಿಕೆ ಸಂದಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೊಡುವ ಚಿತ್ರವು ನೆರಳಿನಂತೆ ಚಪ್ಪಟೆಯಾದುದು. ಹಲವು ನೆರಳುಗಳಿಂದ ಮೂಲವಸ್ತುವಿನ ಘನರೂಪವನ್ನು ಮರಳಿ ಕಟ್ಟುವ ದಾರಿಯನ್ನು 1968ರಲ್ಲಿ ಡಿ ರೋಸಿಯರ್ ಮತ್ತು ಕ್ಲುಗ್ ತೋರಿಸಿದರು. ಅವರು ಮೊದಲು ಆರಿಸಿಕೊಂಡುದು ಟಿ-4 ಫೇಜಿನ ಬಾಲವನ್ನೇ. ಆದರೆ ಅವರ ಗಣಿತವು ಬಹು ದೀರ್ಘವಾದ ಲೆಕ್ಕಗಳನ್ನು ಬೇಡುತ್ತಿತ್ತು. 1971ರಲ್ಲಿ ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಸೇರಿ ಅದೇ ಕೆಲಸಕ್ಕೆ ಇನ್ನೂ ಸರಳವಾದ, ವೇಗವಾದ ಲೆಕ್ಕದ ಕ್ರಮವೊಂದನ್ನು ಪ್ರಕಟಿಸಿದರು. ಕ್ಷ-ಕಿರಣಗಳ ಚಿತ್ರಗಳಿಗೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಗೂ ಅದು ಅನ್ವಯಿಸುವಂಥದು. ಆಸ್ಪತ್ರೆಗಳಲ್ಲಿ ರೋಗಿಯ ಮೈಯನ್ನು ಕೊಯ್ಯದೆಯೇ ಒಳಭಾಗವನ್ನು ತೋರಿಸುವ ಸಿ.ಟಿ. ಸ್ಕ್ಯಾನ್ ಯಂತ್ರಗಳಲ್ಲಿ ಈ ಬಗೆಯ ಗಣಿತವು ದಶಕಗಳ ಕಾಲ ಬಳಕೆಯಾಯಿತು.

1970ರಲ್ಲಿ ರಾಮಚಂದ್ರನ್ ಅವರು ಮದರಾಸನ್ನು ಬಿಟ್ಟರು. ತಾವು ವಿದ್ಯಾರ್ಥಿಯಾಗಿ ಕಲಿತ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮರಳಿ, 1971ರಲ್ಲಿ ಅಲ್ಲಿ ಅಣು ಜೀವಭೌತವಿಜ್ಞಾನ ವಿಭಾಗವು ಹುಟ್ಟಲು ಕಾರಣರಾದರು. ಅವರು ನೆಟ್ಟ ಸಸಿ ಮುಂದೆ ಮರವಾಯಿತು. ಅದೇ ವಿಭಾಗದಲ್ಲಿ ಎಂ. ಆರ್. ಎನ್. ಮೂರ್ತಿ ಅವರೂ, ಸಂಸ್ಥೆಯ ಜೀವರಸಾಯನ ವಿಭಾಗದ ಎಚ್. ಎಸ್. ಸಾವಿತ್ರಿ ಅವರೂ ತಮ್ಮ ಸಂಗಡಿಗರೊಡನೆ ಅಗಸೆಯ ಗಿಡಕ್ಕೆ ತಗಲುವ ವೈರಸ್ಸೊಂದರ ಕವಚವನ್ನು 1990ರ ದಶಕದಲ್ಲಿ ಪರಮಾಣುಗಳ ಮಟ್ಟದಲ್ಲಿ ಬಿಡಿಸಿದರು. ಫೇಜ್ ಎಂಎಸ್-2ರಂತೆ ಅದರಲ್ಲಿಯೂ ಒಂದೇ ಪ್ರೋಟೀನಿನ 180 ತುಂಡುಗಳಿವೆ. ಆ ಪ್ರೋಟೀನಿನ ಸರಪಳಿಯ ಮೊದಲ ತುದಿಯ ಭಾಗವನ್ನು ತೆಗೆದುಹಾಕಿದಾಗ, 180ರ ದೊಡ್ಡ ಕವಚಕ್ಕೆ ಪ್ರತಿಯಾಗಿ 60 ತುಂಡುಗಳ ಚಿಕ್ಕ ಕವಚ ಆಗುವುದನ್ನೂ ಅವರು ತೋರಿಸಿದರು. ಇಡೀ ಮನೆಯ ಅಳತೆಯು ಇಟ್ಟಿಗೆಯ ಒಂದು ಮೂಲೆಯಲ್ಲಿ ಬರೆದಿತ್ತು.

ಇದು ನಮಗೆ ದೂರದ ವಿಷಯವೆಂದು ಭಾವಿಸಬೇಕಾಗಿಲ್ಲ. ರೇಷ್ಮೆಯ ಹುಳುಗಳ ಮೈ ಊದಿ ಹಾಲಿನಂಥ ದ್ರವ ಸೋರಿ ಸಾಯುವ ಹಾಲುತೊಂಡೆ ರೋಗವೂ ವೈರಸ್ಸಿನಿಂದಲೇ ಬರುವುದು. ಸಾಲ ಮಾಡಿ ಹುಳು ಸಾಕಿದ ಕುಟುಂಬಕ್ಕೆ ಅದು ಎಂಥ ಪೆಟ್ಟೆಂಬುದನ್ನು ಶಿಡ್ಲಘಟ್ಟದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಶತ್ರುವಿನ ಕೋಟೆಯ ಗೋಡೆಯನ್ನು ಅರಿಯದೆ ಅದನ್ನು ಕೆಡಹುವ ದಾರಿ ತೋಚದು. ಫೇಜುಗಳಾದರೋ ರೋಗಕಾರಕ ಬ್ಯಾಕ್ಟೀರಿಯಾಗಳಿಗೆ ಶತ್ರುಗಳಾದ್ದರಿಂದ ಮನುಷ್ಯನಿಗೆ ಮಿತ್ರರಾಗಬಲ್ಲವು. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಮೇಲೆ ಅವನ್ನು ಪ್ರಯೋಗಿಸುವ ಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ.

ರಾಮಚಂದ್ರನ್ ಅವರಿಗೆ ಗೌರವಗಳು ಬಂದುವು. 1961ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ದೊರೆಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. 1999ರಲ್ಲಿ ಸ್ಫಟಿಕವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟವು ಎವಾಲ್ಡ್ ಬಹುಮಾನವನ್ನು ನೀಡಿತು. ನೊಬೆಲ್ ಬಹುಮಾನವು ಬರಲಿಲ್ಲ. ಸಂಗೀತದಲ್ಲಿಯೂ ಭಾರತೀಯ ದರ್ಶನಗಳಲ್ಲಿಯೂ ಅವರಿಗೆ ಆಳವಾದ ಆಸಕ್ತಿಯಿತ್ತು. ಕೊನೆಗಾಲದಲ್ಲಿ ಅವರು ಜೈನರ ಸ್ಯಾದ್ವಾದವನ್ನು ಗಣಿತದ ಭಾಷೆಯಲ್ಲಿ ಹೇಳಲು ಯತ್ನಿಸಿದರು. ಒಂದು ವಸ್ತುವನ್ನು ಹಲವು ದೃಷ್ಟಿಗಳಿಂದ ನೋಡಬೇಕೆಂಬ ಆ ದರ್ಶನವು, ಹಲವು ನೆರಳುಗಳಿಂದ ಒಂದು ರೂಪವನ್ನು ಕಟ್ಟಿದ ವಿಜ್ಞಾನಿಯ ಮನಸ್ಸನ್ನು ಸೆಳೆದುದರಲ್ಲಿ ಆಶ್ಚರ್ಯವಿಲ್ಲ.

ಅವರ ಮುಪ್ಪು ಸುಖಕರವಾಗಿರಲಿಲ್ಲ. ಕೈಕಾಲುಗಳ ಮೇಲಿನ ಹಿಡಿತವನ್ನು ಕಸಿಯುವ ಪಾರ್ಕಿನ್‌ಸನ್ ಕಾಯಿಲೆಯು ಅವರನ್ನು ಕಾಡಿತು. 1945ರಲ್ಲಿ ಕೈಹಿಡಿದು, ಅರ್ಧ ಶತಮಾನಕ್ಕೂ ಮಿಕ್ಕಿ ಬೆಂಬಲವಾಗಿ ನಿಂತಿದ್ದ ಪತ್ನಿ ರಾಜಲಕ್ಷ್ಮಿಯವರು 1998ರಲ್ಲಿ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ರಾಮಚಂದ್ರನ್ ಅವರು ನಿಧನರಾದರು.

ಇಂದು ಪ್ರಪಂಚದ ಯಾವ ಮೂಲೆಯಲ್ಲಿ ಹೊಸ ಪ್ರೋಟೀನಿನ ರಚನೆಯನ್ನು ಬಿಡಿಸಿದರೂ, ಅದು ಫೇಜಿನ ಕವಚವಾಗಿರಲಿ, ನಮ್ಮ ರಕ್ತದ ಪ್ರೋಟೀನಾಗಿರಲಿ, ವಿಜ್ಞಾನಿಗಳು ಮೊದಲು ಅದರ ತಿರುವುಗಳನ್ನು ರಾಮಚಂದ್ರನ್ ನಕ್ಷೆಯ ಮೇಲೆ ಇಟ್ಟು ನೋಡುತ್ತಾರೆ. ಬಿಂದುಗಳು ದ್ವೀಪಗಳ ಹೊರಗೆ ಬಿದ್ದರೆ, ತಪ್ಪು ತಮ್ಮ ಕೆಲಸದಲ್ಲಿದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ತಮ್ಮ ಮಾದರಿಯಲ್ಲಿ ತಪ್ಪಿದೆಯೆಂದು ಇತರರು ಬೆರಳು ತೋರಿದಾಗ, ಆ ಬೆರಳನ್ನು ಮುರಿಯಲು ಹೋಗದೆ ಅದು ತೋರಿದ ಕಡೆಗೆ ನಡೆದ ಮಹನೀಯರು ರಾಮಚಂದ್ರನ್. ಎಲ್ಲರ ತಪ್ಪನ್ನೂ ತೋರಿಸಿಕೊಡುವ ಅಳತೆಗೋಲು ಅವರಿಂದ ಜಗತ್ತಿಗೆ ದೊರೆಯಿತು. ಮುಂದೆ ರೇಷ್ಮೆಯ ಗೂಡೊಂದನ್ನು ಕೈಯಲ್ಲಿ ಹಿಡಿದಾಗ, ಅದರ ನುಣುಪಾದ ಎಳೆಯ ಒಂದೊಂದು ತಿರುವೂ ಅವರ ನಕ್ಷೆಯಲ್ಲಿ ಒಂದು ಬಿಂದುವಾಗಿ ಇದೆಯೆಂಬುದನ್ನು ನಾವು ನೆನೆಯಬೇಕು.